ನ್ಯೂ ಬರೆಯದ ಸಾಲು

ನನ್ನ ನಾಲಿಗೆ ಸ್ವಲ್ಪ ಉದ್ದ. ಪಾಠ ಹೇಳುವವಳಿಗೆ ಅದೇ ಬಂಡವಾಳ ಎಂದು ಆಗ ನಂಬಿದ್ದೆ. ಎರಡು ಸಾವಿರದ ಐದೋ ಆರೋ ಇರಬೇಕು, ಬಸವೇಶ್ವರನಗರದಲ್ಲಿ ಬೇಕರಿಯೊಂದರ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ವಿಬಿ ಡಾಟ್ ನೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದೆ. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು, ಮೇಲೆ ಎಂಟು ಹಳೇ ಕಂಪ್ಯೂಟರುಗಳು ಗುಂಯ್ಗುಡುತ್ತಿದ್ದವು.

ಸಂಜೆಯ ಬ್ಯಾಚಿಗೆ ಕಾಮಾಕ್ಷಿಪಾಳ್ಯದಿಂದ ಒಬ್ಬ ಹೆಂಗಸು ಬರುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತು ಕೂತು ಅವರ ಸೊಂಟ ಹೋಗಿತ್ತು, ಆ ಕೆಲಸ ಬಿಟ್ಟಿದ್ದರು. ಈ ಕೋರ್ಸು ಮುಗಿಸಿದರೆ ಅಲ್ಲಿಯೇ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಕೊಡುತ್ತೇನೆಂದು ಮ್ಯಾನೇಜರ್ ಮಾತು ಕೊಟ್ಟಿದ್ದನಂತೆ. ಆ ಮಾತನ್ನೇ ನೆಚ್ಚಿಕೊಂಡು ಅವರು ಒಂದು ದಿನವೂ ತಪ್ಪಿಸದೆ ಬರುತ್ತಿದ್ದರು.

ಕ್ಲಾಸ್ ಎಂದರೇನು, ಆಬ್ಜೆಕ್ಟ್ ಎಂದರೇನು ಎಂದು ತಿಳಿಸಲು ನಾನು ತಿಣುಕುತ್ತಿದ್ದಾಗ ಅವರೇ ಬಿಡಿಸಿ ಹೇಳಿದ್ದರು.

"ಕ್ಲಾಸ್ ಅಂದ್ರೆ ನಮ್ಮ ಪೇಪರ್ ಪ್ಯಾಟ್ರನ್ ಥರ ಅಲ್ವಾ ಮೇಡಂ? ಅದನ್ನಿಟ್ಟು ಕತ್ತರಿಸಿ ಹೊಲಿದ ಒಂದೊಂದು ಶರ್ಟೂ ಆಬ್ಜೆಕ್ಟು."

ಡಿಗ್ರಿ ಓದಿದ ಹುಡುಗರು ಮಿಕಮಿಕ ನೋಡಿದರು. ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಮುಂದಿನ ವಾರ ಅವರು ಮಾಡಿದ ಪ್ರೋಗ್ರಾಮಿನಲ್ಲಿ ಬಟನ್ ಒತ್ತಿದರೆ ಎರರ್ ಬಂತು. ಆಬ್ಜೆಕ್ಟಿಗೆ ಹೆಸರು ಕೊಟ್ಟಿದ್ದರು, ಆದರೆ ನ್ಯೂ ಎಂದು ಬರೆದು ಅದನ್ನು ಹುಟ್ಟಿಸುವುದನ್ನು ಮರೆತಿದ್ದರು. ಹೆಸರಿದೆ, ಆ ಹೆಸರಿನದು ಏನೂ ಇಲ್ಲ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಮಾಡುವ ತಪ್ಪು ಇದು, ಅದಕ್ಕೆಂದೇ ನನ್ನ ಬಳಿ ಒಂದು ಗಾದೆ ಸಿದ್ಧವಿತ್ತು.

"ಹೆಸರಿಟ್ಬಿಟ್ರೆ ಆಯ್ತಾ? ಅದು ಹುಟ್ಟೇ ಇಲ್ವಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರಂತೆ, ಹಂಗಾಯ್ತು ನಿಮ್ಮ ಕತೆ," ಎಂದೆ.

ಎಲ್ಲರೂ ನಕ್ಕರು. ಅವರೂ ನಕ್ಕ ಹಾಗೆ ಮಾಡಿ, ನ್ಯೂ ಸೇರಿಸಿ, ಮತ್ತೆ ಬಟನ್ ಒತ್ತಿದರು. ಈ ಸಲ ಸರಿಯಾಯಿತು. ಮರುದಿನ ಅವರು ಬರಲಿಲ್ಲ, ಅದರ ಮರುದಿನವೂ ಇಲ್ಲ.

ನಾಲ್ಕನೆಯ ದಿನ ಅವರ ಬೀದಿಯ ಹುಡುಗಿಯೊಬ್ಬಳು, ಅದೇ ಬ್ಯಾಚಿನವಳು, ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

"ಮೇಡಂ, ಆ ಅಕ್ಕಂಗೆ ಹೋದ್ವರ್ಷ ಎಂಟನೇ ತಿಂಗಳಲ್ಲಿ ಹೊಟ್ಟೇಲೇ ಮಗು ಹೋಯ್ತು. ಇನ್ನು ಮಕ್ಕಳಾಗಲ್ಲ ಅಂದ್ರಂತೆ ಡಾಕ್ಟ್ರು. ಪಾಪ, ತುಂಡು ಬಟ್ಟೇಲಿ ಕುಲಾವಿ ಎಲ್ಲಾ ಹೊಲಿದಿಟ್ಟಿದ್ರು."

ನನ್ನ ಮೇಲೆ ನನಗೇ ಅಸಹ್ಯವಾಯಿತು. ಭಾನುವಾರ ಬೆಳಿಗ್ಗೆ ಅವಳಿಂದಲೇ ದಾರಿ ಕೇಳಿಕೊಂಡು ಅವರ ಮನೆಗೆ ಹೋದೆ. ಒಂದೇ ಕೋಣೆ. ಅವರು ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಕ್ಷಮಿಸಿ ಎನ್ನಲು ಹೋಗಿದ್ದವಳು, ಬಿಟ್ಟುಹೋದ ಪಾಠಗಳ ಬಗ್ಗೆ, ಪರೀಕ್ಷೆಯ ಬಗ್ಗೆ ವಟಗುಟ್ಟಿದೆ. ಬೇಕಾದ ಆ ಒಂದು ಮಾತಿಗೆ ಮಾತ್ರ ನನ್ನ ಉದ್ದ ನಾಲಿಗೆ ಹೊರಳಲಿಲ್ಲ.

"ಇನ್ನು ಕ್ಲಾಸಿಗೆ ಬರಲ್ಲ ಮೇಡಂ. ನಾಳೆಯಿಂದ ಮತ್ತೆ ಹೊಲಿಗೆ ಮಷಿನ್ನಿಗೆ ಹೋಗ್ತಾ ಇದೀನಿ," ಎಂದರು.

"ನಿಮ್ಮ ಸೊಂಟ?"

ಅವರು ಲೋಟ ತೆಗೆದುಕೊಂಡು ಎದ್ದರು. ನಾನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ, ಸ್ವಲ್ಪವೂ ಸಿಟ್ಟಿಲ್ಲದೆ, ಹೇಳಿದರು:

"ನೀವು ಚೆನ್ನಾಗಿ ಹೇಳ್ಕೊಡ್ತೀರಿ ಮೇಡಂ. ಮಿಕ್ಕಿದ್ದೆಲ್ಲಾ ಮರ್ತೋಗ್ತಾ ಇದೆ, ಆ ನ್ಯೂ ಪಾಠ ಒಂದು ಮರಿಯಕ್ಕಾಗ್ತಾ ಇಲ್ಲ."