ಚಾರ್ಟಿನ ಅಂಚಿನ ಕೆಂಪು ಚುಕ್ಕೆಗಳು

ಔಷಧಿ ಗೋದಾಮಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಚಾರ್ಟಮ್ಮ. ಕೋಲ್ಡ್ ರೂಮಿನ ಬಾಗಿಲ ಪಕ್ಕದ ಮಾಪಕವನ್ನು ಗಂಟೆಗೊಮ್ಮೆ ನೋಡಿ, ಎಷ್ಟು ಡಿಗ್ರಿ ಎಂದು ಚಾರ್ಟಿನಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ. ಎರಡಕ್ಕಿಂತ ಕೆಳಗಿಳಿಯಬಾರದು, ಎಂಟು ದಾಟಬಾರದು. ಇಪ್ಪತ್ತೊಂದು ವರ್ಷದಿಂದ ಆ ರೂಮು ಅವಳ ಮಾತು ಮೀರಿಲ್ಲ. ಮನೆಯಲ್ಲಿ ಅಂಥ ಭಾಗ್ಯ ಯಾರಿಗುಂಟು!

ಐವತ್ತಕ್ಕೆ ಮುಟ್ಟು ಹಿಂದೆಮುಂದೆ ಆಗತೊಡಗಿತು. ಕೂತಲ್ಲೇ ಎದೆಯಿಂದ ಮುಖಕ್ಕೆ ಧಗ್ಗನೆ ಬಿಸಿ ಏರಿ ಬಟ್ಟೆಯೆಲ್ಲ ತೊಯ್ದುಹೋಗುತ್ತಿತ್ತು. ಡಾಕ್ಟರಮ್ಮ, "ಮುಟ್ಟು ನಿಲ್ಲೋ ಕಾಲ. ಬಿಸಿ ಬಂದಾಗಲೆಲ್ಲ ಬರೆದಿಟ್ಟುಕೊಂಡು ಮೂರು ತಿಂಗಳು ಬಿಟ್ಟು ಬನ್ನಿ" ಎಂದರು.

ಅವಳು ಹೇಳಬೇಕೆಂದು ಹೋಗಿದ್ದು ಬೇರೆಯದೇ. ಹಿಂದಿನ ವಾರ ಮಗಳು ಹೆತ್ತಿದ್ದಳು. "ತಗೋಮ್ಮಾ, ಅಜ್ಜಿ ಆದೆ" ಎಂದು ಕೂಸನ್ನು ಮಡಿಲಿಗೆ ಇಟ್ಟಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಎಳ್ಳಷ್ಟೂ. ಸುತ್ತ ಎಲ್ಲರೂ ನಗುತ್ತಿದ್ದರೆಂದು ತಾನೂ ನಕ್ಕಳು. ಕೇಳಿದವರು ಇವಳೆಂಥ ತಾಯಿ ಅನ್ನುವುದಿಲ್ಲವೇ? ಮಾತು ಬಾಯಿವರೆಗೆ ಬಂದು ಹಾಗೇ ಹಿಂದಕ್ಕೆ ಹೋಯಿತು.

ಬರೆಯಲು ಬೇರೆ ಕಾಗದ ಹುಡುಕುವ ಜಾಯಮಾನ ಅವಳದ್ದಲ್ಲ. ಬಿಸಿ ಬಂದ ಗಂಟೆಯ ಎದುರು, ಚಾರ್ಟಿನ ಅಂಚಿನಲ್ಲೇ, ಒಂದು ಕೆಂಪು ಚುಕ್ಕೆ ಇಟ್ಟಳು. ಗೋದಾಮಿನ ದಾಖಲೆಯಲ್ಲಿ ಸ್ವಂತದ್ದನ್ನು ಸೇರಿಸಬಾರದೆಂದು ಹೊಳೆಯಲೇ ಇಲ್ಲ. ದಿನಕ್ಕೆ ಎರಡೋ ಮೂರೋ ಚುಕ್ಕೆ. ಏನೂ ಅನ್ನಿಸದ ಗಂಟೆಗಳಿಗೆ ಏನು ಗುರುತು ಇಡಬೇಕೋ ತಿಳಿಯದೆ ಅವನ್ನು ಬಿಟ್ಟಳು.

ಮೂರನೇ ತಿಂಗಳ ಕೊನೆಗೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಚಾರ್ಟು ತಿರುವುತ್ತ ಕನ್ನಡಕ ಸರಿಮಾಡಿಕೊಂಡರು.

"ಈ ಕೆಂಪು ಚುಕ್ಕೆ ಏನು? ಆಗೆಲ್ಲ ರೂಮ್ ಬಿಸಿಯಾಗಿತ್ತಾ? ಹಾಗಿದ್ರೆ ಒಳಗಿರೋ ಔಷಧಿ ಪೂರ್ತಿ ಎಸೀಬೇಕಾಗುತ್ತೆ."

ಮ್ಯಾನೇಜರಿಗೆ ಜೀವ ಬಾಯಿಗೆ ಬಂತು. "ಏನಮ್ಮಾ ಇದು? ಹೇಳಮ್ಮಾ!"

"ಆ ಬಿಸಿ ರೂಮಿಂದಲ್ಲ ಸಾರ್, ನಂದು" ಎಂದಳು. "ಮುಟ್ಟು ನಿಲ್ಲೋ ಕಾಲ. ಡಾಕ್ಟ್ರು ಬರೆದಿಡೋಕೆ ಹೇಳಿದ್ರು."

ಸುತ್ತ ನಿಂತಿದ್ದ ಐದು ಜನ ಗಂಡಸರು ಐದು ದಿಕ್ಕು ನೋಡಿದರು. ಇಂಥ ಹೊತ್ತಲ್ಲಿ ನಮ್ಮ ಗಂಡಸರಿಗೆ ಚಾವಣಿಯ ಮೇಲೆ ಎಲ್ಲಿಲ್ಲದ ಆಸಕ್ತಿ. ಇನ್‌ಸ್ಪೆಕ್ಟರ್ ಕೆಮ್ಮಿ, "ಅದನ್ನೇ ಬರವಣಿಗೆಯಲ್ಲಿ ಕೊಡಿ" ಎಂದರು. ಅವಳು ಎರಡು ಸಾಲು ಬರೆದು ಸಹಿ ಹಾಕಿದಳು. ನಾಚಿಕೆಯಾಗಬೇಕಿತ್ತು; ಅದೂ ಆಗಲಿಲ್ಲ. ಅವಳನ್ನು ನಿಜಕ್ಕೂ ಹೆದರಿಸಿದ್ದು ಇದೊಂದೇ.

ಇನ್‌ಸ್ಪೆಕ್ಟರ್ ಮಾಪಕಗಳನ್ನೆಲ್ಲ ನೋಡಿ, ರೂಮು ಸರಿಯಿದೆ ಎಂದು ಬರೆದು ಹೋದರು. "ಮನೇಲಿ ಒಂದು ತುಂಡು ಕಾಗದ ಇರ್ಲಿಲ್ವೇನಮ್ಮಾ?" ಎಂದು ಗೊಣಗಿದ ಮ್ಯಾನೇಜರ್ ಆಮೇಲೆ ತಾವೇ ನಿಂತು ಎಲ್ಲ ಹಾಳೆಗಳ ಜೆರಾಕ್ಸ್ ತೆಗೆದು, ಕವರಿಗೆ ಹಾಕಿ, ಮುಖ ನೋಡದೆ ಕೊಟ್ಟರು.

ಡಾಕ್ಟರಮ್ಮ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಜೆರಾಕ್ಸಿನಲ್ಲಿ ಕೆಂಪೆಲ್ಲ ಕಪ್ಪಾಗಿತ್ತು.

"ಇದೇನಮ್ಮಾ, ಬರೀ ನಾಲ್ಕು, ನಾಲ್ಕು, ನಾಲ್ಕು?"

"ಅದು ರೂಮಿಂದು. ಚುಕ್ಕೆ ಮಾತ್ರ ನಂದು."

ಅವರು ಚುಕ್ಕೆ ಎಣಿಸಿದರು, ಮಾತ್ರೆ ಬರೆದರು, ಪ್ಯಾಡಿನಿಂದ ಚೀಟಿ ಹರಿಯುತ್ತ ಕೇಳಿದರು: "ಬೇರೆ ಏನಾದ್ರೂ ಇದೆಯಾ? ಮನಸ್ಸು ಹೇಗಿರುತ್ತೆ?"

ಚಾರ್ಟಮ್ಮ ಚೀಟಿಗೆ ಕೈ ಚಾಚಲಿಲ್ಲ. ಒಂದು ಹಾಳೆಯನ್ನು ತನ್ನತ್ತ ಎಳೆದುಕೊಂಡು ನಾಲ್ಕುಗಳ ಸಾಲಿನ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ಎಳೆದಳು.

"ಹೀಗೆ ಡಾಕ್ಟ್ರೇ. ಮಗಳ ಕೂಸನ್ನ ಎತ್ಕೊಂಡಾಗಲೂ ಹೀಗೇ."

ಡಾಕ್ಟರಮ್ಮ ಚೀಟಿಯನ್ನು ಪಕ್ಕಕ್ಕಿಟ್ಟು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.