ಬಾನೆಟ್ಟು ಎತ್ತದೆ ಕೊಂಡ ಕಾರು

ಎತ್ತು ಕೊಳ್ಳುವಾಗ ನಮ್ಮ ಯಜಮಾನರನ್ನು ನೋಡಬೇಕಿತ್ತು. ಬಾಯಿ ಅಗಲಿಸಿ ಹಲ್ಲು ನೋಡುವರು. ಹಣೆಯ ಮೇಲೆ, ಬೆನ್ನಿನ ಮೇಲೆ ಸುಳಿ ಎಲ್ಲಿದೆ ಅಂತ ಬೆರಳಾಡಿಸುವರು. ಬಾಲ ಹಿಂಡಿ ನಡೆಸುವರು, ಗೊರಸು ಎತ್ತಿ ಒತ್ತುವರು. ಇಷ್ಟೆಲ್ಲ ಆದ ಮೇಲೂ ನಂಬಿಕೆಯಿಲ್ಲದೆ "ಒಂದು ದಿನ ಹೂಡಿ ನೋಡ್ತೀನಿ" ಅಂತ ಹಗ್ಗ ಹಿಡಿದುಕೊಂಡು ಮನೆಗೆ ಬರುವರು. ಅಂಥ ಮನುಷ್ಯ ಕಾರು ಕೊಳ್ಳುವಾಗ ಏನು ಮಾಡಿದರು? ಅದರ ಸುತ್ತ ಒಂದು ಸುತ್ತು ಬಂದರು. ಚಕ್ರಕ್ಕೆ ಒದ್ದರು. ಸೀಟಿನ ಮೇಲೆ ಕೂತು ಕುಲುಕಿ ನೋಡಿದರು. ಹಾರನ್ ಒತ್ತಿ, "ಆಯ್ತು, ಒಪ್ಪಿಗೆ" ಅಂದುಬಿಟ್ಟರು. ಬಾನೆಟ್ಟು ಎತ್ತಲೇ ಇಲ್ಲ.

ಮೆರೆಯುವುದಕ್ಕೆ ಕೊಂಡ ಕಾರಲ್ಲ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ತೋಟ, ಮನೆ ಎರಡೂ ಹೊನ್ನವಳ್ಳಿಯಿಂದ ಇನ್ನೂ ಒಳಕ್ಕೆ. ಯಜಮಾನರಿಗೆ ಸಕ್ಕರೆ ಕಾಯಿಲೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಒಣಗರಿಯ ಚೂಪು ಚುಚ್ಚಿ ಎಡಗಾಲಿನ ಹೆಬ್ಬೆರಳು ಹುಣ್ಣಾಯಿತು, ಮಾಯಲಿಲ್ಲ. ತಿಪಟೂರಿನ ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದರು: "ನೋಡಮ್ಮಾ, ಪ್ರತಿ ಸೋಮವಾರ ಕರ್ಕೊಂಡು ಬರ್ಬೇಕು. ತಪ್ಪಿಸಿದ್ರೆ ಬೆರಳು ಹೋಗುತ್ತೆ. ಆಮೇಲೆ ಪಾದ. ಅದು ಮೇಲಕ್ಕೆ ಹತ್ಕೊಂಡು ಹೋಗೋ ಕಾಯಿಲೆ." ಬಸ್ಸಿನಲ್ಲಿ ನೂಕುನುಗ್ಗಲು, ಯಾರಾದರೂ ಆ ಕಾಲು ತುಳಿದರೆ ಕೇಳುವಂತೆಯೇ ಇಲ್ಲ. ಎತ್ತಿನ ಗಾಡಿಯ ಕುಲುಕಿಗೆ ಹುಣ್ಣು ಒಡೆಯುತ್ತಿತ್ತು. ಅದಕ್ಕೆ ಕಾರು.

ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ತಮ್ಮ ಹಳೆಯ ಕಾರನ್ನು ನಮಗೆ ಕೊಟ್ಟರು. ಹಾರ ಹಾಕಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು, ಕೀಲಿ ಕೈಗಿಟ್ಟರು. ನಾನು ಕೇಳಿದೆ: "ಅಣ್ಣಾ, ಇದರ ಇಂಜಿನ್ನಿಗೆ ಏನೇನು ಹಾಕ್ಬೇಕು, ಯಾವಾಗ ಹಾಕ್ಬೇಕು?"

ಮಂಡಿಯವರು ನಕ್ಕರು. "ಪೆಟ್ರೋಲ್ ಹಾಕಮ್ಮಾ, ಓಡ್ತದೆ."

ಯಜಮಾನರೂ ನಕ್ಕರು. ಕೇಳಿದ್ದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಯಾಕೆಂದರೆ ಅದಕ್ಕೂ ಮುಂಚೆ ನಮ್ಮ ಬಾವಿಗೆ ಡೀಸೆಲ್ ಇಂಜಿನ್ ಕೂರಿಸಿದಾಗ ಹೀಗಾಗಿರಲಿಲ್ಲ. ಕೂರಿಸಲು ಬಂದವನು ನಮ್ಮ ಮನೆಯಲ್ಲೇ ಮುದ್ದೆ ಉಂಡುಕೊಂಡು ಇದ್ದು, ಯಜಮಾನರಿಗೂ ನನಗೂ ಎಲ್ಲ ಹೇಳಿಕೊಟ್ಟ. ಆಯಿಲ್ ಎಲ್ಲಿ ಹಾಕಬೇಕು, ಅಳೆಯುವ ಕಡ್ಡಿಯ ಮೇಲೆ ಎಲ್ಲಿಯವರೆಗೆ ಇರಬೇಕು, ಪೈಪಿನಿಂದ ಬಿಸಿನೀರು ಹೊರಗೆ ಬರುವುದು ನಿಂತರೆ ತಕ್ಷಣ ಇಂಜಿನ್ ನಿಲ್ಲಿಸಬೇಕು. ನನ್ನ ಕೈಯಲ್ಲೇ ನಿಲ್ಲಿಸಿ ತೋರಿಸುವ ತನಕ ಅವನು ಊರು ಬಿಡಲಿಲ್ಲ. ಯಜಮಾನರು ಆ ಇಂಜಿನ್ನಿನ ಪಕ್ಕ ಮಣ್ಣಲ್ಲಿ ಮಲಗಿ, ಮೊಣಕೈವರೆಗೂ ಕಪ್ಪು ಮಾಡಿಕೊಂಡು ಕೆಲಸ ಮಾಡಿದ್ದಾರೆ. ಅದೇ ಮನುಷ್ಯ ಕಾರಿನ ಹತ್ತಿರ ಬಂದರೆ ಪಂಚೆಯ ಚುಂಗು ಎತ್ತಿ ಹಿಡಿಯುತ್ತಿದ್ದರು. ತೋಟದ ಇಂಜಿನ್ನಿನ ಮಸಿ ಮೆತ್ತಿದರೆ ದುಡಿಮೆ, ಕಾರಿನ ಮಸಿ ಮೆತ್ತಿದರೆ ಮರ್ಯಾದೆ ಕಮ್ಮಿ. ಇದು ಯಾವ ಲೆಕ್ಕವೋ!

ಡ್ರೈವರ್ ಚಿಕ್ಕನಾಯಕನಹಳ್ಳಿ ಕಡೆಯವನು, ವಯಸ್ಸಾದವನೇ, ಲಾರಿ ಓಡಿಸಿ ಬಂದವನು. ಬೆಳಗ್ಗೆ ಎದ್ದರೆ ಕಾರಿನ ಮೈ ಒರೆಸುವುದೇ ಅವನ ಕೆಲಸ. ಮುಖ ಕಾಣುವ ಹಾಗೆ ಉಜ್ಜಿ, ಮುಂದುಗಡೆ ಊದುಬತ್ತಿ ಹಚ್ಚುತ್ತಿದ್ದ. ಬಾನೆಟ್ಟು ಎತ್ತಿದ್ದನ್ನು ನಾನು ನೋಡಲಿಲ್ಲ.

"ಇದಕ್ಕೆ ನೀರು ಎಲ್ಲಿ ಹಾಕೋದು ತೋರ್ಸಪ್ಪಾ" ಅಂದರೆ,

"ಮುಟ್ಬ್ಯಾಡಿ ಅಮ್ಮೋ, ಸುಟ್ಕೊಂಡೀರಿ. ಲಾರಿ ಓಡ್ಸಿದೋನಿಗೆ ಇದ್ಯಾವ ಮಹಾ ಗಾಡಿ" ಅನ್ನುತ್ತಿದ್ದ.

ನಾನು ಸಗಣಿ ಸಾರಿಸಿದ ಅಂಗಳದಲ್ಲಿ ಕಾರಿನ ಮೂತಿಯ ಕೆಳಗೆ ದಿನಾ ಬೆಳಗ್ಗೆ ಅಂಗೈಯಗಲ ಒದ್ದೆ ಇರುತ್ತಿತ್ತು. ಕರೆದು ತೋರಿಸಿದೆ. ಅವನು ಬಗ್ಗಿ ನೋಡಲಿಲ್ಲ. "ಬೆವರು ಕಣಮ್ಮಾ. ಗಾಡಿ ಬೆವರ್ತದೆ."

ಯಜಮಾನರಿಗೆ ಹೇಳಿದೆ: "ಎತ್ತು ಹಿಂಗೆ ಸೋರಿದ್ರೆ ನೀವು ಸುಮ್ಕಿರ್ತಿದ್ರಾ?"

"ಎತ್ತಿನ ವಿಸ್ಯ ಬ್ಯಾರೆ ಕಣೇ. ನಿಂಗೊಂದು ಎಲ್ಲಾದ್ರಾಗೂ ಅನುಮಾನ."

ಅವತ್ತು ಸೋಮವಾರ, ಬೇಸಿಗೆ. ಡಾಕ್ಟರಿಗೆ ಕೊಡಲೆಂದು ಡಿಕ್ಕಿಯ ತುಂಬ ಎಳನೀರು ಹಾಕಿಕೊಂಡಿದ್ದೆವು, ವಾರ ವಾರವೂ ಒಯ್ಯುತ್ತಿದ್ದೆವು. ಯಜಮಾನರು ಡ್ರೈವರ್ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಹಿಂದೆ. ಹೊನ್ನವಳ್ಳಿ ದಾಟಿದ ಮೇಲೆ ಸೀದ ವಾಸನೆ ಬಂತು, ಒಲೆಯ ಮೇಲೆ ಬರಿ ಪಾತ್ರೆ ಮರೆತರೆ ಬರುವಂಥದ್ದು.

"ಏನೋ ಸೀಯ್ತಾ ಐತೆ, ನಿಲ್ಸಪ್ಪಾ" ಅಂದೆ.

"ಯಾರೋ ತೋಟ್ದಾಗೆ ಸೋಗೆ ಸುಡ್ತಾ ಅವ್ರೆ, ಸುಮ್ಕೆ ಕೂತ್ಕಳೇ" ಅಂದರು ಯಜಮಾನರು.

"ಹೌದು ಗೌಡ್ರೇ, ಸೋಗೆ ವಾಸ್ನೇನೇ" ಅಂದ ಡ್ರೈವರ್.

ಅವರಿಬ್ಬರ ಕಣ್ಣೆದುರಿಗೇ ಒಂದು ಮೀಟರಿತ್ತಂತೆ, ಅದರ ಮುಳ್ಳು ಇಂಜಿನ್ ಎಷ್ಟು ಕಾದಿದೆ ಅಂತ ತೋರಿಸುತ್ತಿತ್ತಂತೆ. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು ನಾನು, ನನ್ನ ಮಾತು ಬಿಡಿ. ಅವರಿಬ್ಬರೂ ಅದನ್ನು ಕೆಟ್ಟು ನಿಂತ ಗಡಿಯಾರ ಅಂದುಕೊಂಡಿದ್ದರು.

ಸ್ವಲ್ಪ ಹೊತ್ತಿಗೆ ಮುಂದುಗಡೆಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಎದ್ದಿತು. ಕಾರು ನಿಂತಿತು. ಬಾನೆಟ್ಟು ಅವತ್ತು ಎತ್ತಿದರು. ಡ್ರೈವರ್ ಟವೆಲ್ ಸುತ್ತಿಕೊಂಡು ಇಂಜಿನ್ನಿನ ಮುಂದಿನ ನೀರಿನ ತೊಟ್ಟಿಯ ಮುಚ್ಚಳ ತಿರುಗಿಸಿದ. ಅದು ಹಾರಿ ಬೇಲಿಗೆ ಬಿತ್ತು. ಒಳಗೆ ನೀರೇ ಇಲ್ಲ. ಪಕ್ಕದ ತೋಟದ ಪಂಪ್‌ಸೆಟ್ಟಿಗೆ ಕರೆಂಟಿಲ್ಲ. ಬಾವಿ ಇತ್ತು, ಕೊಡ ಹಗ್ಗ ಇರಲಿಲ್ಲ. ಡ್ರೈವರ್ ಹೋಗಿ ಡಿಕ್ಕಿ ತೆಗೆದು ಮಚ್ಚು ಹಿಡಿದುಕೊಂಡ.

"ಏನಪ್ಪಾ ಮಾಡ್ತೀಯಾ?" ಅಂದೆ.

"ಎಳ್ನೀರು ಹುಯ್ಯನಾ ಅಂತ ಅಮ್ಮೋ."

"ಅದನ್ನ ಹುಯ್ಬೋದಾ?"

"ಮನುಸನ ಉಷ್ಣಕ್ಕೇ ಎಳ್ನೀರು ಕುಡುಸ್ತೀವಿ. ಇಂಜಿನ್ನಿನ ಉಷ್ಣಕ್ಕೆ ಆಗಲ್ವಾ?"

ಯಜಮಾನರಿಗೆ ಆ ಮಾತು ಬಹಳ ಹಿಡಿಸಿತು. "ಭೇಷ್ ಕಣ್ಲಾ! ಹುಯ್ಯಿ ಹುಯ್ಯಿ, ಡಾಕ್ಟ್ರಿಗೆ ಮುಂದ್ಲ ವಾರ ಕೊಟ್ರಾಯ್ತು."

ಒಂದೊಂದೇ ಎಳನೀರು ಕೆತ್ತಿ ಸುರಿದ. ಒಳಗೆಲ್ಲೋ ಟಪ್ ಅಂತ ಒಂದು ಸದ್ದಾಯಿತು. "ಏನದು?" ಅಂದರೆ "ಕುಡೀತಾ ಐತೆ" ಅಂದ. ಯಜಮಾನರು ನಕ್ಕರು. ಕಾರು ಹೊರಟಿತು, ಬೆಲ್ಲದ ಪಾಕ ಸೀದ ವಾಸನೆ ಬಿಟ್ಟುಕೊಂಡು ಮುಂದಿನ ಊರಿನವರೆಗೂ ಹೋಗದೆ ನಿಂತುಬಿಟ್ಟಿತು. ಆಮೇಲೆ ತಳ್ಳಿದರೂ ಇಲ್ಲ, ಬೈದರೂ ಇಲ್ಲ. ತಿಪಟೂರಿನ ದಾರಿ ಇನ್ನೂ ಉದ್ದ ಅಂತ, ಯಾರದೋ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಯಜಮಾನರನ್ನು ವಾಪಸ್ ಮನೆಗೆ ತಂದೆವು. ಆ ಕುಲುಕಿಗೆ ಕಾಲಿಗೆ ಸುತ್ತಿದ ಬಟ್ಟೆಯೆಲ್ಲ ರಕ್ತ.

ತಿಪಟೂರು ಸೇರಿದ್ದು ಬುಧವಾರ, ಸಂತೆಗೆ ಕೊಬ್ಬರಿ ಹೇರಿದ್ದ ಲಾರಿಯಲ್ಲಿ. ಅಷ್ಟರಲ್ಲಿ ಹೆಬ್ಬೆರಳು ಕಪ್ಪಗಾಗಿತ್ತು, ಪಕ್ಕದ ಬೆರಳೂ ಅದೇ ಬಣ್ಣಕ್ಕೆ ತಿರುಗಿತ್ತು. ಎರಡನ್ನೂ ತೆಗೆದರು. "ಸೋಮವಾರ ಬಂದಿದ್ರೆ ಉಳೀತಿತ್ತಾ?" ಅಂತ ಕೇಳಿದೆ. ಡಾಕ್ಟರು ಕೈ ತೊಳೆಯುತ್ತಾ, "ಒಂದು ಉಳೀತಿತ್ತೋ ಏನೋ. ಹೇಳಕ್ಕಾಗಲ್ಲಮ್ಮ. ಪಾದ ಉಳಿಯುತ್ತಾ ನೋಡೋಣ" ಅಂದರು. ಉಳಿಯುತ್ತಿರಲಿಲ್ಲ ಅಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಆ "ಏನೋ" ನನ್ನ ತಲೆಯಲ್ಲಿ ಇನ್ನೂ ಕೂತಿದೆ.

ಯಜಮಾನರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನೇ ಗ್ಯಾರೇಜಿಗೆ ಹೋದೆ. ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದಿದ್ದರು. ಗ್ಯಾರೇಜಿನ ಸಾಬರು ತೊಟ್ಟಿಯ ಕೆಳಗಿನ ತಿರುಪು ಬಿಚ್ಚಿದರೆ ಕಂದುಬಣ್ಣದ ಅಂಟು ತೊಟ್ಟಿಕ್ಕಿತು.

"ಯಾರಮ್ಮಾ ಇದ್ರಲ್ಲಿ ಪಾಯಸ ಮಾಡಿರೋದು?"

ಡ್ರೈವರ್ ಆಕಾಶ ನೋಡಿದ. ಸಾಬರು ಇಂಜಿನ್ನಿನ ಮೇಲಿನ ಭಾಗ, ಅದಕ್ಕೆ ಹೆಡ್ ಅಂತಾರಂತೆ, ಬಿಚ್ಚಿ, ಕೂದಲೆಳೆಯಂಥ ಬಿರುಕು ತೋರಿಸಿದರು.

"ಎಳ್ನೀರಿಂದ ಸೀಳ್ತಾ?" ಅಂದೆ.

"ಎಳ್ನೀರಾಗ್ಲಿ, ಗಂಗಾಜಲ ಆಗ್ಲಿ, ಕಾದಿದ್ದಕ್ಕೆ ತಣ್ಣಗಿರೋದು ಹುಯ್ದ್ರೆ ಸೀಳ್ತದೆ. ಆರೋಕ್ ಬಿಡ್ಬೇಕಿತ್ತು. ಪಾಯಸ ಮಾತ್ರ ಎಳ್ನೀರಿಂದ್ಲೇ."

"ಹಂಗಾದ್ರೆ ಇದಕ್ಕೆ ಏನೇನು ನೋಡ್ಕೋಬೇಕು, ನಂಗೆ ಹೇಳ್ಕೊಡಿ."

"ನಿಮಗ್ಯಾಕಮ್ಮಾ? ಡ್ರೈವರ್‌ಗೆ ಹೇಳ್ತೀನಿ ಬಿಡಿ."

"ಡ್ರೈವರ್‌ಗೆ ಹೇಳಿದ್ದು ಸಾಕು. ಗಾಡಿ ನಮ್ದು, ಕಾಲು ನಮ್ಮೆಜಮಾನ್ರುದು" ಅಂತ ಅಲ್ಲೇ ಟೈರಿನ ಮೇಲೆ ಕೂತೆ.

ಸಾಬರಿಗೂ ಸಿಟ್ಟು ಬಂತು, ಬೇರೆ ಗಾಡಿಗಳು ಕಾಯುತ್ತಿದ್ದವು. ಆದರೂ ಹೇಳಿದರು. ನೀರು ಇಲ್ಲಿ, ಬೆಳಗ್ಗೆ ತಣ್ಣಗಿದ್ದಾಗ ನೋಡು. ಆಯಿಲ್ ಕಡ್ಡಿ ಇಲ್ಲಿ. ಈ ಬೆಲ್ಟು ಸಡಿಲವಾದರೆ ಫ್ಯಾನು ತಿರುಗಲ್ಲ. ಆ ಮುಳ್ಳು ಬಲಕ್ಕೆ ಹೋದರೆ ನಿಲ್ಲಿಸು. ಅಷ್ಟೇ. ಒಂದು ಎಲೆ ಅಡಿಕೆ ಹಾಕಿಕೊಂಡು ಅಗಿದು ಉಗಿಯುವ ಹೊತ್ತೂ ಹಿಡಿಯಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ದೊಡ್ಡ ವಿದ್ಯೆಯಾಗಿದ್ದರೆ ನಮಗೆ ಬರುತ್ತಿರಲಿಲ್ಲ ಅಂದುಕೊಂಡು ಬಿಡಬಹುದಿತ್ತು. ಇಷ್ಟನ್ನು ಮಂಡಿಯವರು ಹೇಳಲಿಲ್ಲ, ಯಜಮಾನರು ಕೇಳಲಿಲ್ಲ, ಕೇಳಿದ ನನ್ನನ್ನು ನೋಡಿ ಇಬ್ಬರೂ ನಕ್ಕರು. ಕಾರು ಕೊಳ್ಳುವವರು ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯಬೇಕು ಅಂತ ನಾನೇನೂ ಹೇಳುವುದಿಲ್ಲ. ಹಸು ಕಟ್ಟಿದವರು ದನದ ಡಾಕ್ಟರಾಗಬೇಕೇ? ಆದರೆ ಅದು ನೀರು ಬಿಟ್ಟರೆ, ಮೇವು ಬಿಟ್ಟರೆ ತಿಳಿಯಬೇಡವೇ?

ಕಾರು ರಿಪೇರಿಯಾಗಿ ಬಂದ ಮೇಲೆ ನಾನು ಹಟ ಹಿಡಿದೆ. ಬಾನೆಟ್ಟು ಎತ್ತಿ, ನೀರು ಆಯಿಲ್ ನನ್ನ ಕಣ್ಣಿಗೆ ತೋರಿಸದೆ ಗಾಡಿ ಹೊರಡುವಂತಿಲ್ಲ. ಡಿಕ್ಕಿಯಲ್ಲಿ ಒಂದು ತಗಡಿನ ಡಬ್ಬದ ತುಂಬ ನೀರು.

"ಅಮ್ಮೋರಿಗೆ ಲೈಸೆನ್ಸ್ ಮಾಡುಸ್ಬುಡಿ ಗೌಡ್ರೇ, ನಾನು ಊರಿಗೆ ಹೋಯ್ತೀನಿ" ಅಂತ ಡ್ರೈವರ್ ಗೊಣಗುವನು.

ಯಜಮಾನರು ಬೀದಿ ಕಡೆ ನೋಡಿ, "ಮುಚ್ಚುಸೇ, ಜನ ನೋಡ್ತಾರೆ" ಅನ್ನುವರು.

"ಬೆರಳು ಹೋಗಿದ್ದು ಜನ ನೋಡ್ತಾ ಇಲ್ವಾ?" ಅಂದೆ ಒಂದು ಸಲ. ಯಜಮಾನರು ಕುಂಟುತ್ತಾ ಹೋಗಿ ಸೀಟಿನಲ್ಲಿ ಕೂತರು. ಬಗ್ಗಿ ನೋಡಲಿಲ್ಲ. ಕೊನೆಯವರೆಗೂ ಆ ಬಾನೆಟ್ಟಿನ ಒಳಗೆ ಅವರು ಕಣ್ಣು ಹಾಯಿಸಲಿಲ್ಲ.

ಸೋಮವಾರ ಒಂದೂ ತಪ್ಪಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಯ ಒಣಗಿತು, ಪಾದ ಉಳಿಯಿತು. ಯಜಮಾನರು ಚಪ್ಪಲಿ ಮೆಟ್ಟಿ, ಕೋಲು ಹಿಡಿದು ಬಸ್ ಹತ್ತುವ ಹಾಗಾದರು. ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತು. ಕೊಟ್ಟುಬಿಡೋಣ ಅಂದೆವು.

ತುರುವೇಕೆರೆ ಕಡೆಯಿಂದ ಗರಿಗರಿ ಬಿಳಿ ಅಂಗಿಯವನೊಬ್ಬ ತನ್ನ ಡ್ರೈವರನ್ನು ಕರೆದುಕೊಂಡು ಬಂದ. ಕಾರಿನ ಸುತ್ತ ಒಂದು ಸುತ್ತು ಬಂದ. ಚಕ್ರಕ್ಕೆ ಒದ್ದ. ಕೂತು ಕುಲುಕಿದ. ಹಾರನ್ ಒತ್ತಿದ.

"ಬಾನೆಟ್ಟು ಎತ್ತಿ ನೋಡಪ್ಪಾ. ಅದರ ಹೆಡ್ ಒಂದ್ಸಲ ಸೀಳಿ ರಿಪೇರಿ ಆಗೈತೆ" ಅಂದೆ.

ಯಜಮಾನರು ಕಣ್ಣು ಕೆಕ್ಕರಿಸಿದರು. ಬಂದವನು ನನ್ನ ಕಡೆ ತಿರುಗಲೂ ಇಲ್ಲ, ಯಜಮಾನರನ್ನೇ ನೋಡಿ ನಕ್ಕ. "ಅವೆಲ್ಲಾ ನಮ್ ಡ್ರೈವರ್ ನೋಡ್ಕೊಂತಾನೆ ಬುಡಿ ಗೌಡ್ರೇ."

ಅವನ ಡ್ರೈವರ್ ಕನ್ನಡಿ ಒರೆಸುತ್ತಿದ್ದ.

ನಾನು ಬಾವಿಯಿಂದ ಹೊಸ ನೀರು ತಂದು ತಗಡಿನ ಡಬ್ಬ ತುಂಬಿಸಿ ಡಿಕ್ಕಿಯಲ್ಲಿಟ್ಟೆ. ದಾರಿ ದೂರ, ಬೇಕಾಗುತ್ತದೆ. ಎಲೆ ಅಡಿಕೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಾರು ಹೊರಟಿತ್ತು. ಬಿಳಿ ಅಂಗಿಯವನು ಕಿಟಕಿಯಿಂದ ಕೈಯಾಡಿಸಿ ಕೂಗಿದ: "ನಿಮ್ ಡಬ್ಬ ಡಿಕ್ಕಿಯಾಗೇ ಉಳ್ಕೊಂಡಿತ್ತು ಕಣಮ್ಮಾ, ಜಗುಲಿ ಮೇಲ್ ಇಟ್ಟಿದೀನಿ!"

ಡಬ್ಬ ತುಂಬಿದ ಹಾಗೇ ಇತ್ತು. ಮುಚ್ಚಳ ತೆಗೆದು ಒಳಗೇನಿದೆ ಅಂತಲೂ ನೋಡಿರಲಿಲ್ಲ.