ಮರ್ಫಿ ಟೌನಿನಲ್ಲಿ ಜ್ಞಾನತಾಯಿಯ ಹುಡುಕಾಟ

ಕೂಸಿಗೆ ಜ್ಞಾನಸ್ನಾನ ಮಾಡಿಸಬೇಕೆಂದರೆ ಅದರ ಅಪ್ಪ-ಅವ್ವ ಮೊದಲು ಕ್ಲಾಸಿಗೆ ಹೋಗಬೇಕಂತೆ! ಚರ್ಚಿನ ಆಫೀಸಿನಲ್ಲಿ ಇದನ್ನು ಕೇಳಿ ನಾನು ನಕ್ಕೇಬಿಟ್ಟೆ. ಅಲ್ಲಿದ್ದ ಹೆಣ್ಣುಮಗಳು ನಗಲಿಲ್ಲ. "ಯಾವ ಭಾಷೆ ಕ್ಲಾಸು? ಇಂಗ್ಲಿಷಾ, ತಮಿಳಾ, ಕನ್ನಡನಾ?" ಎಂದಳು, ಇಡ್ಲಿಗೆ ಸಾಂಬಾರಾ ಚಟ್ನಿನಾ ಎಂದು ಕೇಳುವ ಹಾಗೆ.

ರಾಯಚೂರು ಕಡೆಯ ನಮ್ಮೂರಲ್ಲಿ ಕ್ರೈಸ್ತರದು ಒಂದೇ ಓಣಿ, ಒಂದೇ ಗುಡಿ. ಹೌದು, ಚರ್ಚಿಗೆ ನಾವು ಗುಡಿ ಅಂತಲೇ ಅನ್ನುವುದು. ಪಾದ್ರಿಗಳಿಗೆ ಸ್ವಾಮಿಗಳು ಅನ್ನುವುದು. ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂಡುತ್ತೇವೆ. ಈ ಮರ್ಫಿ ಟೌನಿನಲ್ಲಿ ಬೆಂಚು, ಬೂಟುಗಾಲು, ಬಾಯಿ ತೆಗೆದರೆ "ಫಾದರ್". ಮದುವೆಯಾಗಿ ಬಂದ ಹೊಸತರಲ್ಲಿ ಪೂಜೆ ಮುಗಿಸಿ ಹೊರಗೆ ಬಂದರೆ ಅಷ್ಟು ದೊಡ್ಡ ಬಾಗಿಲ ಮುಂದೆ ನನ್ನದೊಂದೇ ಜೋಡಿ ಚಪ್ಪಲಿ! ತಮಿಳು ಪೂಜೆಗೆ ಹೋದ ದಿನ ಒಂದು ಮಾತೂ ತಿಳಿಯಲಿಲ್ಲ, ಆದರೆ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದು ಮಾತ್ರ ಒಂದೂ ತಪ್ಪಲಿಲ್ಲ. ಅದು ನನಗೆ ಇವತ್ತಿಗೂ ಸೋಜಿಗ.

ತಲೆಗೆ ನೀರು ಹೊಯ್ದು ಕೂಸನ್ನು ಸಭೆಗೆ ಸೇರಿಸುವ ಜ್ಞಾನಸ್ನಾನದಲ್ಲಿ ಅದಕ್ಕೆ ಒಬ್ಬ ಜ್ಞಾನತಾಯಿ ಬೇಕು. ಗುಡಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತು, ಇದನ್ನು ವಿಶ್ವಾಸದಲ್ಲಿ ಬೆಳೆಸುತ್ತೇನೆ ಎಂದು ಮಾತು ಕೊಡುವವಳು ಅವಳು. ನಮ್ಮ ಓಣಿಯಲ್ಲಿ ಇದಕ್ಕೆ ಹುಡುಕಾಟವೇ ಇಲ್ಲ. ಬಾಣಂತಿ ಮನೆಗೆ ಬಂದು ಕೂಸಿಗೆ ಎಣ್ಣೆ ತಿಕ್ಕಿ ನೀರು ಎರೆದವಳೇ ಜ್ಞಾನತಾಯಿ. ಎರೆದ ಕೈಯೇ ಎತ್ತಬೇಕು ಅಂತ ಮಾತು.

ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ನನ್ನ ಹೆರಿಗೆ ಇಲ್ಲೇ ಆಯಿತು. ಮೊಣಕಾಲು ನೋವಿನ ಅವ್ವನಿಗೆ ಬರಲಾಗಲಿಲ್ಲ. ನನ್ನ ಕ್ಲಾರಾಗೆ ದಿನಾ ಎರೆದವಳು ಪಕ್ಕದ ರೂಮಿನ ಶರಣಮ್ಮಕ್ಕ. ಕಲಬುರಗಿ ಕಡೆಯವಳು, ಗಂಡ ಮನೆ ಕಟ್ಟುವ ಗೌಂಡಿ, ತಾನು ಇಂದಿರಾನಗರದ ಆಫೀಸೊಂದರಲ್ಲಿ ಕಸ ಗುಡಿಸುತ್ತಾಳೆ. ಕೊರಳಲ್ಲಿ ಲಿಂಗ. "ಜ್ಞಾನತಾಯಿ ನೀವೇ ಅಕ್ಕಾ" ಎಂದು ನಾನು ಯೋಚನೆಯೇ ಇಲ್ಲದೆ ಹೇಳಿಬಿಟ್ಟೆ. ಅವಳೂ "ಅದಕ್ಕೇನವಾ, ಎತ್ಗೊಂಡು ನಿಂದರ್ತೀನಿ. ನಿಮ್ಮ ದೇವ್ರೇನು ಹೊಡಿತಾನೇನು?" ಎಂದು ಇಳಕಲ್ ಸೀರೆಗೆ ಹೊಸ ಕುಪ್ಪಸ ಹೊಲಿಯಲು ಕೊಟ್ಟೇಬಿಟ್ಟಳು.

ಇಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಬಿಳಿ ಫ್ರಾಕು ಎನ್ನುವುದೇ ತಡ, ಅಂಗಡಿಯ ಸಾಹೇಬರು ಟೋಪಿ, ಕಾಲುಚೀಲ, ಲೇಸು ಸುತ್ತಿದ ಮೇಣದಬತ್ತಿ ಎಲ್ಲಾ ಇದ್ದ ಡಬ್ಬಿ ತೆಗೆದಿಟ್ಟರು. ಹುಡುಗನಿಗೆ ಉರ್ದುವಿನಲ್ಲಿ ಗದರಿದರು, ಇನ್ನೊಬ್ಬ ಗಿರಾಕಿಗೆ ತಮಿಳಿನಲ್ಲಿ ರೇಟು ಹೇಳಿದರು, ಶರಣಮ್ಮಕ್ಕನಿಗೆ ಕನ್ನಡದಲ್ಲಿ "ಗಾಡ್‌ಮದರ್ ನೀವೇನಾಮ್ಮಾ?" ಎಂದರು. "ಹೂಂ ಮತ್ತ, ನಾನೇ!" ಎಂದಳು ಅಕ್ಕ. ಬಸ್ಸಿನಲ್ಲಿ ಡಬ್ಬಿಯನ್ನು ನನ್ನ ಕೈಗೆ ಕೊಡಲೇ ಇಲ್ಲ.

ಕನ್ನಡ ಕ್ಲಾಸಿನಲ್ಲಿ ನಾವು ಬೆರಳೆಣಿಕೆಯ ಮಂದಿ. ಎಣ್ಣೆ ಯಾಕೆ, ಬಿಳಿ ಬಟ್ಟೆ ಯಾಕೆ, ಹೆಸರನ್ನು ಬಾಗಿಲಲ್ಲೇ ಯಾಕೆ ಕೇಳುತ್ತಾರೆ ಎಂದು ಫಾದರ್ ಬಿಡಿಸಿ ಹೇಳುತ್ತಿದ್ದರೆ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಊರಲ್ಲಿ ಮಾಡಿಸುತ್ತಿದ್ದರು, ಯಾಕೆಂದು ಯಾರೂ ಹೇಳಿರಲಿಲ್ಲ. ಕೊನೆಗೆ ಜ್ಞಾನತಾಯಿ ಯಾರೆಂದು ಕೇಳಿದರು. ಶರಣಮ್ಮಕ್ಕನ ಹೆಸರು ಹೇಳಿದೆ.

"ಅವರು ನಮ್ಮ ಸಭೆಯವರಾ?"

"ಅಲ್ಲ ಫಾದರ್, ಲಿಂಗಾಯತರು. ಕೂಸಿಗೆ ಎರೆದವರು ಅವರೇ."

ಅವರು ಬೈಯಲಿಲ್ಲ. "ಎರೆಯೋದು ಬೇರೆ ಅಮ್ಮಾ. ಇಲ್ಲಿ ನಮ್ಮ ವಿಶ್ವಾಸದ ಮೇಲೆ ಮಾತು ಕೊಡ್ಬೇಕು. ಅವರಿಗೆ ಇಲ್ಲದ ನಂಬಿಕೆಯ ಮಾತನ್ನ ಅವರ ಬಾಯಲ್ಲಿ ಆಡ್ಸೋದು ಅವರಿಗೇ ಅನ್ಯಾಯ ಅಲ್ವಾ?" ಎಂದರು. ಸರಿಯಾದ ಮಾತೇ. ನಮ್ಮೂರಲ್ಲಿ ಎರೆಯುವವರೆಲ್ಲಾ ಓಣಿಯವರೇ ಆದ್ದರಿಂದ ಈ ಪ್ರಶ್ನೆ ಎಂದೂ ಹುಟ್ಟಿರಲಿಲ್ಲ.

ಸಂಜೆ ಅಕ್ಕನಿಗೆ ಹೇಳಿದೆ. "ಎರಿಲಿಕ್ಕ ನಾ ಬೇಕು, ಎತ್ಲಿಕ್ಕ ಬ್ಯಾರೇದವ್ರು ಬೇಕೇನು?" ಎಂದು ಎದ್ದು ಹೋದಳು. ಮರುದಿನ ಎರೆಯಲು ಬರಲಿಲ್ಲ. ನಾನೇ ಎರೆಯಲು ಹೋಗಿ, ಕೂಸು ಕೈಯಿಂದ ಜಾರಿದಂತಾಗಿ, ಬಚ್ಚಲಲ್ಲೇ ಕೂತು ಅತ್ತೆ. ಈ ಊರಲ್ಲಿ ನನ್ನನ್ನು ತಂಗಿ ಎನ್ನುವ ಜೀವ ಅದೊಂದೇ. ಅದೂ ಹೋದರೆ ನಾನು ಯಾರ ಹತ್ತಿರ ನನ್ನ ಮಾತು ಆಡಬೇಕು?

ನನ್ನ ಗಂಡ ಜೋಸೆಫ್ ಕೆಳಗಿನ ಮನೆಯ ಆರೋಗ್ಯಮೇರಿ ಆಂಟಿಯನ್ನು ಕೇಳು ಎಂದ. ಅವರು ನಮ್ಮ ಓನರ್, ಮನೆಮಾತು ತಮಿಳು, ನಮ್ಮದೇ ಸಭೆಯವರು. ಅಲ್ಲಿಯವರೆಗೆ ನೀರಿನ ಮೋಟರಿನ ವಿಷಯ ಬಿಟ್ಟರೆ ನಮ್ಮ ನಡುವೆ ಮಾತೇ ಇರಲಿಲ್ಲ. ಹೆದರುತ್ತಲೇ ಕೇಳಿದೆ. "ಅಯ್ಯೋ, ಮೊದ್ಲೇ ಹೇಳ್ಬಾರ್ದಾಮ್ಮಾ? ಕೆಳಗೇ ಇದ್ದೀನಲ್ಲಾ!" ಎಂದು ಕಾಫಿ ಕೊಟ್ಟರು. ನನ್ನ ಮುಖ ನೋಡಿ ಏನೆಂದು ಕೇಳಿದರು. ಎಲ್ಲಾ ಹೇಳಿದೆ. "ಫಾದರ್ ಬಾಗಿಲಲ್ಲಿ ತಾನೇ ಶುರು ಮಾಡೋದು? ಅಲ್ಲೀಗಂಟ ಅವಳೇ ಎತ್ಕೊಂಡು ಬರ್ಲಿ. ಯಾರ್ ಬೇಡ ಅಂತಾರೆ?" ಎಂದರು.

ಎಣ್ಣೆ ಬಟ್ಟಲು, ಕೂಸು ಎರಡನ್ನೂ ಎತ್ತಿಕೊಂಡು ಶರಣಮ್ಮಕ್ಕನ ಬಾಗಿಲು ಬಡಿದೆ.

"ಅಕ್ಕಾ, ಗುಡಿ ಬಾಗಿಲ ತನಕ ಕೂಸು ನಿಮ್ಮ ಕೈಯಾಗ. ಒಳಗ ಆಂಟಿ ಕೈಯಾಗ."

"ಹೊರಗ ಬಂದ ಮ್ಯಾಲೆ?"

"ಮತ್ತ ನಿಮ್ಮ ಕೈಯಾಗ."

ಅವಳು ಕೂಸಿನ ಕೆನ್ನೆ ಮುಟ್ಟಿ ನೋಡಿದಳು. "ಮೊದ್ಲ ಎಣ್ಣಿ ಕೊಡು ಇಲ್ಲಿ. ಹೆಂಗ ಒಣಗಿ ಹೋಗ್ಯದ ನೋಡು" ಎಂದಳು.

ಆ ಭಾನುವಾರ ಹೇಳಿದಂತೆಯೇ ಆಯಿತು. ಇಳಕಲ್ ಸೀರೆಯ ಕೈಯಿಂದ ಆಂಟಿಯ ಕಾಂಚೀಪುರದ ಕೈಗೆ ಕೂಸು ದಾಟಿತು, ಆದರೆ ಅಕ್ಕ ಟೋಪಿಯ ದಾರ ಸರಿಮಾಡುವ ನೆಪದಲ್ಲಿ ತುಸು ತಡ ಮಾಡಿಯೇ ಕೊಟ್ಟಳು. ಒಳಗೆ ಬಾ ಎಂದರೂ ಬರದೆ ಬಾಗಿಲ ಕಂಬಕ್ಕೆ ಒರಗಿ ನಿಂತಳು. ಫಾದರ್ ತಲೆಯ ಮೇಲೆ ನೀರು ಹೊಯ್ದರು, ಕ್ಲಾರಾ ಚೀರಿದಳು. ಹಿಂದಿನಿಂದ ಇಡೀ ಗುಡಿಗೆ ಕೇಳುವ ಹಾಗೆ ಶರಣಮ್ಮಕ್ಕ, "ಯವ್ವಾ, ನೀರು ತಣ್ಣಗವ, ತಣ್ಣಗ!" ಎಂದು ಕೂಗಿದಳು. ಫಾದರಿಗೂ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನ ಅವ್ವನ ಫೋನು ಬಂತು. ಜ್ಞಾನತಾಯಿ ಯಾರು, ನಮ್ಮ ಕಡೆಯವರೇನು ಎಂದು ಕೇಳಿದಳು. ಊರಲ್ಲಿ ಅದಕ್ಕೆ ಹೌದು ಅಥವಾ ಇಲ್ಲ ಎಂದರೆ ಸಾಕಿತ್ತು.

"ಜಪ ನಮ್ದವ್ವಾ, ಮಾತು ತಮಿಳು."

"ಮತ್ತ ಎರೆದಾಕಿ?"

"ಮಾತು ನಮ್ದು, ಕೊಳ್ಳಾಗ ಲಿಂಗ."

ಅವ್ವ, "ಹಂಗಾದ್ರ ನೀ ಈಗ ಯಾರ ಕಡಿಯಾಕಿ ಆದಿ?" ಎಂದಳು.

ಶರಣಮ್ಮಕ್ಕನ ತೊಡೆಯ ಮೇಲೆ ಕ್ಲಾರಾ ನಿದ್ದೆ ಹೋಗಿದ್ದಳು. ಬಿರಿಯಾನಿ ಆರಿಹೋಗುತ್ತೆ ಬನ್ನಿ ಎಂದು ಆಂಟಿ ಕೆಳಗಿನಿಂದ ಕೂಗುತ್ತಿದ್ದರು.

"ನಂದು ನನಗ ಗೊತ್ತಿಲ್ಲವ್ವಾ," ಅಂದೆ. "ಕೂಸು ಮಾತ್ರ ಇಲ್ಲೀದು."